ಬೆಂಗಳೂರಿಗೆ ಹಾರಲು ದಾಬೋಳಿಯೋ, ಮೋಪಾನೋ?

ಗೋವಾದಲ್ಲಿ ಎರಡು ವಿಮಾನ ನಿಲ್ದಾಣ ಇವೆ, ದಾಬೋಳಿ ಮತ್ತು ಮೋಪಾ. ವಾಸ್ಕೊದಲ್ಲಿ ಮನೆ ಇದ್ದವರಿಗೆ ದಾಬೋಳಿಯೇ ಸರಿ. ಅವ್ವನನ್ನು ಕರೆದುಕೊಂಡು ಎರಡೂ ಕಡೆಯಿಂದ ಬೆಂಗಳೂರಿಗೆ ಓಡಾಡಿದ ಮೇಲೆ ಹೇಳುತ್ತಿದ್ದೇನೆ.

ಆಕಾಶದಲ್ಲಿ ಇವೆರಡಕ್ಕೆ ವ್ಯತ್ಯಾಸವೇ ಇಲ್ಲ ಅನ್ನಬೇಕು. ದಾಬೋಳಿಯಿಂದ ಬೆಂಗಳೂರು ನೇರವಾಗಿ ಸುಮಾರು 480 ಕಿ.ಮೀ., ಮೋಪಾದಿಂದ ಸುಮಾರು 500. ಆ 20 ಕಿ.ಮೀ. ವಿಮಾನಕ್ಕೆ ಒಂದೆರಡು ನಿಮಿಷದ ಮಾತು. ಟಿಕೆಟಿನಲ್ಲಿ ಎರಡಕ್ಕೂ ಒಂದೂಕಾಲು ಗಂಟೆಯ ಆಸುಪಾಸು ತೋರಿಸುತ್ತಾರೆ. ನಿಜವಾಗಿ ಹಾರುವುದು ಹೆಚ್ಚೂ ಕಡಿಮೆ ಒಂದು ಗಂಟೆ.

ಕಷ್ಟ ಇರುವುದು ನೆಲದ ಮೇಲೆ. ಮೋಪಾ ಇರೋದು ಪೆಡ್ನೆ ತಾಲ್ಲೂಕಿನಲ್ಲಿ, ಗೋವಾದ ಉತ್ತರದ ತುದಿ. ವಾಸ್ಕೊದಿಂದ 60 ಕಿ.ಮೀ. ದಾಟುತ್ತದೆ. ಝುವಾರಿ ಸೇತುವೆ, ಪಣಜಿ, ಮಾಂಡವಿ ಸೇತುವೆ, ಪರ್ವರಿ, ಮಾಪ್ಸಾ ಎಲ್ಲ ದಾಟಿ ಧಾರ್ಗಳದಲ್ಲಿ ತಿರುಗಬೇಕು. ಅಲ್ಲಿಂದ ಮುಂದೆ ರಸ್ತೆ ಚೆನ್ನಾಗಿದೆ. ಆದರೆ ಪರ್ವರಿಯಲ್ಲಿ ಫ್ಲೈಓವರ್ ಕೆಲಸದಿಂದ ಗಾಡಿಗಳು ಸಾಲುಗಟ್ಟಿ ನಿಂತಿದ್ದಾಗ ಸಿಕ್ಕಿಕೊಂಡರೆ, ಬೆಂಗಳೂರಿಗೆ ಹಾರುವಷ್ಟು ಹೊತ್ತು ನಡುರಸ್ತೆಯಲ್ಲೇ ಹೋಗುತ್ತದೆ.

ಬರುವಾಗಿನ ಪಾಡು ಇನ್ನೂ ಜಾಸ್ತಿ. ಟಿಕೆಟ್ ಅಗ್ಗ ಅಂತ ರಾತ್ರಿಯ ಮೋಪಾ ವಿಮಾನ ಹಿಡಿದಿದ್ದೆವು. ಅದು ತಡವಾಗಿ ಇಳಿಯಿತು. ಹೊರಗೆ ಬಂದರೆ ನಮಗೆ ಸಿಕ್ಕಿದ್ದು ಪಣಜಿಯ ಬಸ್ಸು ಮಾತ್ರ. ಆ ಹೊತ್ತಿನಲ್ಲಿ ಪಣಜಿಯಲ್ಲಿ ಇಳಿದು ವಾಸ್ಕೊಗೆ ಏನು ಹಿಡಿಯುವುದು? ಅವ್ವನಿಗೆ ಮೊದಲೇ ಮೊಣಕಾಲು ನೋವು. ರೊಟ್ಟಿಯ ಗಂಟು ಮಡಿಲಲ್ಲಿ ಇಟ್ಟುಕೊಂಡು ಟ್ರಾಲಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ನಾನು ಟ್ಯಾಕ್ಸಿ ಕೌಂಟರಿನ ಸಾಲಿನಲ್ಲಿ ನಿಂತೆ. ವಾಸ್ಕೊ ಅಂದ ಕೂಡಲೇ ಎರಡು ಸಾವಿರದ ಮೇಲೆ ಹೇಳಿದರು. ಇಬ್ಬರ ಟಿಕೆಟಿನಲ್ಲಿ ಉಳಿದಿದ್ದ ದುಡ್ಡು ಅಲ್ಲೇ ಮುಗಿಯಿತು, ಮೇಲೆ ಕೈಯಿಂದಲೂ ಹೋಯಿತು. ಮನೆ ಬಾಗಿಲು ತೆಗೆಯುವಾಗ ಒಂದೂವರೆ ಗಂಟೆ ರಾತ್ರಿ. ಅವ್ವ ಊಟವನ್ನೂ ಮಾಡದೆ ಮಲಗಿದಳು.

ದಾಬೋಳಿಯಲ್ಲಿ ಇಳಿದರೆ ಈ ಗೋಳಿಲ್ಲ. ವಾಸ್ಕೊ ನಾಲ್ಕೈದು ಕಿ.ಮೀ. ಅಷ್ಟೇ, ಝುವಾರಿನಗರದ ನಮ್ಮ ಮಂದಿಗೂ ಹತ್ತಿರ. ಎಷ್ಟೇ ತಡವಾದರೂ ಅಳಿಯನಿಗೆ ಫೋನ್ ಮಾಡಿದರೆ ಸ್ಕೂಟರ್ ತಗೊಂಡು ಬರುತ್ತಾನೆ. ಸಾಮಾನು ಆಟೋದಲ್ಲಿ.

ಮೋಪಾದ ಕಟ್ಟಡ ಹೊಸದು, 2023ರ ಜನವರಿಯಿಂದ ವಿಮಾನ ಓಡುತ್ತಿವೆ, ಜಾಗ ಧಾರಾಳವಾಗಿದೆ. ದಾಬೋಳಿ ನೌಕಾಪಡೆಯ ನೆಲೆ. ವಾರದ ದಿನಗಳಲ್ಲಿ ಬೆಳಗಿನ ಹೊತ್ತು ಅವರ ಹಾರಾಟಕ್ಕೆ ಮೀಸಲು ಇರುವುದರಿಂದ ಬೆಳಗಿನ ವಿಮಾನಗಳ ಆಯ್ಕೆ ಕಡಿಮೆ. ನಮಗೆ ಮಧ್ಯಾಹ್ನ ಹೊರಟರೆ ಸಾಕು, ಅಡ್ಡಿಯಿಲ್ಲ. ಮಾಪ್ಸಾ, ಪೆಡ್ನೆ ಕಡೆ ಇರುವವರು ಮಾತ್ರ ಕಣ್ಣು ಮುಚ್ಚಿ ಮೋಪಾ ಹಿಡಿಯಲಿ.

ಟಿಕೆಟ್ ಹುಡುಕುವಾಗ ಸುಮ್ನೆ ಗೋವಾ ಅಂತ ಹಾಕಿದರೆ ಎರಡೂ ಒಟ್ಟಿಗೆ ಬರುತ್ತವೆ, ಅಗ್ಗದ್ದು ಮೇಲೆ. ನಿಲ್ದಾಣದ ಕೋಡ್ ನೋಡಿ, ಜಿಒಐ ಅಂದರೆ ದಾಬೋಳಿ, ಜಿಒಎಕ್ಸ್ ಅಂದರೆ ಮೋಪಾ. ನಾನೀಗ ಇಬ್ಬರ ಟಿಕೆಟಿನಲ್ಲಿ ಮೂರು ಸಾವಿರಕ್ಕಿಂತ ಜಾಸ್ತಿ ಉಳಿದರೆ, ಅದೂ ಹಗಲಿಗೆ ಇಳಿಯುವ ವಿಮಾನ ಆದರೆ ಮಾತ್ರ ಮೋಪಾ ನೋಡುತ್ತೇನೆ. ಅವ್ವ ಜೊತೆಗಿದ್ದರೆ ಅದನ್ನೂ ನೋಡುವುದಿಲ್ಲ.