ಆಫೀಸ್ ಚಾಟ್‌ನ ಲಾಗಿನ್‌ಗೆ ಸ್ಯಾಮಲ್ ಬಿಟ್ಟೆ, ಓಐಡಿಸಿ ಹಿಡಿದೆ

ಪುಣೆಯ ಭೋಸರಿಯಲ್ಲಿ ನಮ್ಮದು ಸಣ್ಣ ಕಂಪನಿ. ಚಾಟ್ ಸರ್ವರ್ ನಮ್ಮದೇ ಮಷೀನಿನಲ್ಲಿದೆ, ಲಾಗಿನ್‌ಗೆ ಕೀಕ್ಲೋಕ್ ಇದೆ, ಅಂದರೆ ಒಳಗೆ ಬರುವವರು ಯಾರೆಂದು ಖಾತ್ರಿ ಮಾಡುವ ಸಾಫ್ಟ್‌ವೇರ್. ಎರಡನ್ನೂ ಮೊದಲು ಸ್ಯಾಮಲ್‌ನಲ್ಲಿ ಜೋಡಿಸಿದ್ದೆ. ಈಗ ಓಐಡಿಸಿ. 'ಇವರು ಇಂಥವರೇ' ಅನ್ನುವ ಕೀಕ್ಲೋಕ್‌ನ ಮಾತನ್ನು ಚಾಟ್‌ಗೆ ತಲುಪಿಸುವ ಎರಡು ವಿಧಾನಗಳಿವು. ವಾಪಸ್ ಹೋಗುವ ಮಾತೇ ಇಲ್ಲ.

ಸ್ಯಾಮಲ್ ಕೆಟ್ಟದ್ದೇನಲ್ಲ. 2005ರ ಸ್ಯಾಮಲ್ 2.0 ಇವತ್ತಿಗೂ ದೊಡ್ಡ ಕಂಪನಿಗಳಲ್ಲಿ ನಡೆಯುತ್ತಿದೆ. ನನ್ನ ತಲೆ ತಿಂದದ್ದು ಅದರ ಸರ್ಟಿಫಿಕೇಟ್.

ಕೀಕ್ಲೋಕ್ ಸಹಿ ಹಾಕಿ ಕಳಿಸುವುದನ್ನು ಚಾಟ್ ಸರ್ವರ್ ನಂಬಬೇಕಾದರೆ, ಆ ಸಹಿಯ ಸರ್ಟಿಫಿಕೇಟ್ ಅದರ ಬಳಿ ಮೊದಲೇ ಇರಬೇಕು. ನಮ್ಮ ಚಾಟ್‌ನಲ್ಲಿ ಅದನ್ನು ಕೈಯಾರೆ ಪೇಸ್ಟ್ ಮಾಡಬೇಕಿತ್ತು. ಆಡಿಟ್‌ನವರು ಕೇಳಿದರೆಂದು ಕೀಕ್ಲೋಕ್‌ನಲ್ಲಿ ಸಹಿ ಹಾಕುವ ಕೀ ಬದಲಾಯಿತು, ಜೊತೆಗೆ ಸರ್ಟಿಫಿಕೇಟೂ. ಚಾಟ್ ಮಾತ್ರ ಹಳೇ ಸರ್ಟಿಫಿಕೇಟನ್ನೇ ಹಿಡಿದುಕೊಂಡು ಕೂತಿತ್ತು.

ಮಜಾ ಅಂದರೆ, ಏನೂ ಕೆಟ್ಟಂತೆ ಕಾಣಲಿಲ್ಲ. ಆಗಲೇ ಒಳಗಿದ್ದವರ ಸೆಷನ್ ನಡೆಯುತ್ತಲೇ ಇತ್ತು. ಹೊಸ ಫೋನ್ ತಗೊಂಡವರು, ಲಾಗೌಟ್ ಆದವರು ಒಬ್ಬೊಬ್ಬರಾಗಿ ಬಂದರು. ಸ್ಟೋರ್ಸ್‌ನ ಬೆಳಗಾವಿ ಕಾಕಾ, "ಏನ್ರೀ, ನನ್ನೊಬ್ಬನ್ನ ಯಾಕ ಹೊರಗ ಹಾಕೀರಿ?" ಅಂದರು. ಸಹಿ ಹೊಂದುತ್ತಿಲ್ಲ ಅನ್ನೋದು ಸರ್ವರ್ ಲಾಗ್ ಕೆದಕಿದ ಮೇಲಷ್ಟೇ ತಿಳಿಯಿತು.

ಹೊಸದನ್ನು ಹಾಕಿದರೂ ಚಾಟ್ ಒಪ್ಪಲಿಲ್ಲ. ಕೀಕ್ಲೋಕ್ ತನ್ನ ಕೀಗಳ ಪುಟದಲ್ಲಿ ಬರೀ ಅಕ್ಷರಗಳ ಉದ್ದ ಸಾಲನ್ನು ತೋರಿಸುತ್ತದೆ. ಚಾಟ್‌ಗೆ ಅದರ ಮೇಲೊಂದು 'ಬಿಗಿನ್ ಸರ್ಟಿಫಿಕೇಟ್', ಕೆಳಗೊಂದು 'ಎಂಡ್ ಸರ್ಟಿಫಿಕೇಟ್' ಸಾಲೂ ಬೇಕಂತೆ! ಅಷ್ಟಕ್ಕೆ ಮಧ್ಯಾಹ್ನದ ಊಟ ಹೋಯಿತು.

ಓಐಡಿಸಿಯಲ್ಲಿ ಈ ರಗಳೆ ಇಲ್ಲ. ಕ್ಲೈಂಟ್ ಐಡಿ (ಕೀಕ್ಲೋಕ್‌ನಲ್ಲಿ ಚಾಟ್‌ನ ಹೆಸರು), ಸೀಕ್ರೆಟ್ (ಅದರ ಗುಟ್ಟಿನ ಪಾಸ್‌ವರ್ಡ್), ಡಿಸ್ಕವರಿ ವಿಳಾಸ (ಕೀಕ್ಲೋಕ್‌ನ ವಿವರಗಳು ಸಿಗುವ ಲಿಂಕ್) ಚಾಟ್‌ಗೆ ಕೊಟ್ಟೆ. ಸಹಿ ನೋಡುವ ಕೀಗಳನ್ನು ಚಾಟ್ ತಾನೇ ಕೀಕ್ಲೋಕ್‌ನಿಂದ ತರಿಸಿಕೊಳ್ಳುತ್ತದೆ. ಬೇಕಂತಲೇ ಕೀ ಬದಲಿಸಿ ನೋಡಿದೆ, ಯಾರಿಗೂ ಗೊತ್ತೇ ಆಗಲಿಲ್ಲ. ರೀಡೈರೆಕ್ಟ್ ವಿಳಾಸ (ಲಾಗಿನ್ ಆದ ಮೇಲೆ ಚಾಟ್‌ಗೆ ಮರಳುವ ಲಿಂಕ್) ಮಾತ್ರ ಎರಡೂ ಕಡೆ ಸರಿಯಾಗಿ ಹೊಂದಬೇಕು. ಚಾಟ್‌ನ ಮುಂದೆ ಪ್ರಾಕ್ಸಿ (ಹೊರಗಿನವರ ಕೋರಿಕೆಯನ್ನು ಒಳಗೆ ದಾಟಿಸುವ ಸರ್ವರ್) ಇದ್ದು, ಹೊರಗಿನ ವಿಳಾಸ ಎಚ್‌ಟಿಟಿಪಿಎಸ್ ಅಂತ ಚಾಟ್‌ಗೆ ತಿಳಿಯದಿದ್ದರೆ ಕೀಕ್ಲೋಕ್ ಒಳಗೆ ಬಿಡುವುದಿಲ್ಲ. ಆದರೆ ಅದು ಮೊದಲ ದಿನವೇ ಸಿಕ್ಕಿಬೀಳುವ ತಪ್ಪು, ಅಲ್ವಾ?

ಎಲ್‌ಡ್ಯಾಪ್, ಅಂದರೆ ಚಾಟ್ ತಾನೇ ಪಾಸ್‌ವರ್ಡ್ ಕೇಳಿ ಕಂಪನಿಯ ಬಳಕೆದಾರರ ಪಟ್ಟಿಯಲ್ಲಿ ತಾಳೆ ನೋಡುವ ವಿಧಾನ? ಪಾಸ್‌ವರ್ಡ್ ಚಾಟ್ ಸರ್ವರಿನ ಕೈಗೇ ಹೋಗುತ್ತದೆ, ಕೀಕ್ಲೋಕ್‌ನ ಓಟಿಪಿ ತಪ್ಪಿಹೋಗುತ್ತದೆ. ಬೇಡ.

ಇಲ್ಲಿ ಐಟಿ ಅಂದರೆ ನಾನೊಬ್ಬನೇ. ರಜೆ ಸಿಕ್ಕರೆ ಹುಬ್ಬಳ್ಳಿ ಬಸ್ ಹತ್ತುವವನು. ನಾನು ಇಲ್ಲದಾಗಲೂ ನಡೆಯುವಂಥದ್ದೇ ನನಗೆ ಬೇಕು. ನಮ್ಮ ಚಾಟ್‌ನಲ್ಲಿ ಸ್ಯಾಮಲ್, ಓಐಡಿಸಿ ಎರಡಕ್ಕೂ ಬೇರೆ ದುಡ್ಡಿಲ್ಲ. ಕೆಲವು ಚಾಟ್‌ಗಳಲ್ಲಿ ಎಸ್‌ಎಸ್‌ಒ (ಒಂದೇ ಲಾಗಿನ್‌ನಿಂದ ಹಲವು ಕಡೆ ಒಳಹೋಗುವ ಇಂಥ ವ್ಯವಸ್ಥೆ) ಇರುವುದೇ ದುಬಾರಿ ಪ್ಲಾನಿನಲ್ಲಿ, ಮೊದಲು ಅದನ್ನು ನೋಡಿಕೊಳ್ಳಿ. ಗಿರಾಕಿ ಸ್ಯಾಮಲ್ಲೇ ಬೇಕು ಅಂದರೆ ಹಾಕಿಕೊಡಿ, ಸರ್ಟಿಫಿಕೇಟ್ ಮುಗಿಯುವ ತಾರೀಖನ್ನು ಇಬ್ಬರ ಕ್ಯಾಲೆಂಡರಿನಲ್ಲಿ ಬರೆದಿಡಿ. ಒಂದು ಮಾತ್ರ ಓಐಡಿಸಿಯಿಂದಲೂ ಬಗೆಹರಿಯಲಿಲ್ಲ: ಕೆಲಸ ಬಿಟ್ಟವರ ಖಾತೆಯನ್ನು ಕೀಕ್ಲೋಕ್‌ನಲ್ಲಿ ಮುಚ್ಚಿದರೂ ಅವರ ಫೋನಿನಲ್ಲಿ ನಮ್ಮ ಚಾಟ್ ತೆರೆದೇ ಇತ್ತು. ಅದನ್ನು ಈಗಲೂ ಚಾಟ್‌ನಲ್ಲಿ ಕೈಯಾರೆ ಮುಚ್ಚುತ್ತೇನೆ.