ಸೂಟ್‌ಕೇಸ್ ವಾಸನೆಗೆ ಯಾವುದು: ಅಡುಗೆ ಸೋಡಾ, ವಿನೆಗರ್, ಇದ್ದಿಲು?

ಮೊದಲು ವಾಸನೆ ಎಲ್ಲಿಂದ ಬರ್ತಿದೆ ನೋಡಿ. ಜಿಪ್ ಜೇಬು, ಅಸ್ತರಿನ ಮೂಲೆಗಳನ್ನು ಮೂಸಿ. ಕಪ್ಪು ಚುಕ್ಕೆ ಕಂಡರೆ ಅದು ಬೂಷ್ಟು.

ಬೂಷ್ಟಿಗೆ ವಿನೆಗರ್ ವಾಸಿ. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ ಗಟ್ಟಿಯಾಗಿ ಹಿಂಡಿ, ಅಸ್ತರನ್ನು ಒರೆಸಿ. ತೊಟ್ಟಿಕ್ಕುವಷ್ಟು ಒದ್ದೆ ಬೇಡ. ಒಳಗಿನ ರಟ್ಟು ನೀರು ಕುಡಿದರೆ ಮುಗ್ಗಲು ಇನ್ನೂ ಜಾಸ್ತಿಯಾಗುತ್ತದೆ. ಹುಳಿ ವಾಸನೆ ಒಣಗಿದ ಮೇಲೆ ಹೋಗುತ್ತದೆ, ಆದರೆ ಪೂರ್ತಿ ಒಣಗಲು ಸಮಯ ಬೇಕು. ನಾಳೆಯೇ ಹೊರಡುವವರು ಇದಕ್ಕೆ ಕೈ ಹಾಕಬೇಡಿ.

ಬೆವರು, ಶೂ ವಾಸನೆಗೆ ಅಡುಗೆ ಸೋಡಾ ಸಾಕು. ಬೆವರಿನ ನಾತದಲ್ಲಿ ಆಮ್ಲದ ಅಂಶ ಇರುತ್ತದೆ, ಸೋಡಾ ಅದನ್ನು ತಣಿಸುತ್ತದೆ. ಅಗ್ಗ, ಒಳಗೆ ಉದುರಿಸಿ ಬಿಟ್ಟರೆ ಒಂದು ರಾತ್ರಿಯ ಕೆಲಸ. ತಲೆನೋವು ಬೆಳಿಗ್ಗೆ ಶುರು: ಹೊಲಿಗೆಯ ಸಂದಿಯಲ್ಲಿ ಕೂತ ಪುಡಿ ವ್ಯಾಕ್ಯೂಮ್ ಇಲ್ಲದೆ ಬರೋದು ಕಷ್ಟ. ಹಳೇ ಕಾಲುಚೀಲದಲ್ಲಿ ತುಂಬಿ ಗಂಟು ಕಟ್ಟಿ ಇಟ್ಟರೆ ಆ ರಗಳೆ ಇಲ್ಲ, ಪರಿಣಾಮ ಮಾತ್ರ ಸ್ವಲ್ಪ ಕಡಿಮೆ.

ಸಕ್ರಿಯ ಇದ್ದಿಲಿನ (ವಾಸನೆ ಹೀರುವಂತೆ ಸಂಸ್ಕರಿಸಿದ ಇದ್ದಿಲು) ಚೀಲ ದುಬಾರಿ, ನಿಧಾನ ಕೂಡ. ಒಳಗಿಟ್ಟು ಸೂಟ್‌ಕೇಸನ್ನು ಕೆಲವು ದಿನ ಮುಚ್ಚಿಡಬೇಕು. ಆದರೆ ಬಿಸಿಲಿಗಿಟ್ಟು ಮತ್ತೆ ಮತ್ತೆ ಬಳಸಬಹುದು. ಪದೇ ಪದೇ ಓಡಾಡುವವರಿಗೆ, ಸೂಟ್‌ಕೇಸನ್ನು ತಿಂಗಳುಗಟ್ಟಲೆ ಅಟ್ಟದ ಮೇಲಿಡುವವರಿಗೆ ನಾನು ಹೇಳೋದು ಇದನ್ನೇ. ಚರ್ಮದ ಚೀಲಕ್ಕೂ ಇದೇ ಸರಿ. ಸೋಡಾ, ವಿನೆಗರ್ ಎರಡೂ ಚರ್ಮವನ್ನು ಒಣಗಿಸಬಹುದು.

ಸುಗಂಧದ ಸ್ಪ್ರೇ ಮಾತ್ರ ಸುಮ್ನೆ ದಂಡ. ನಾತ ಹಾಗೇ ಇರುತ್ತದೆ, ಮೇಲೆ ಮಲ್ಲಿಗೆ ಸೇರುತ್ತದೆ ಅಷ್ಟೇ.