ಕ್ರಯೋ ಕ್ಯಾನ್ ತಗೊಳ್ಳೋ ಮುಂಚೆ ತೂಕ ಹಾಕಿ ನೋಡಿ, ನನ್ನ ಥರ ಮೋಸ ಹೋಗಬೇಡಿ

ಇದನ್ನು ಬರೆಯಲೋ ಬೇಡವೋ ಅಂತ ಎರಡು ವಾರ ಯೋಚಿಸಿದೆ. ಮರ್ಯಾದೆ ಪ್ರಶ್ನೆ. ನಾನು ಚರ್ಮದ ಡಾಕ್ಟರ್. ರಾಣೆಬೆನ್ನೂರಿನಲ್ಲಿ ಸಣ್ಣ ಕ್ಲಿನಿಕ್ ಇದೆ, ಹನ್ನೊಂದು ವರ್ಷದಿಂದ ಇದೇ ಕೆಲಸ. ಅಂಥವಳು 68 ಸಾವಿರ ರೂಪಾಯಿ ಕೊಟ್ಟು ಕೆಟ್ಟುಹೋದ ಥರ್ಮಾಸ್ ಫ್ಲಾಸ್ಕ್ ಕೊಂಡಿದ್ದೇನೆ. ಹೌದು, ಫ್ಲಾಸ್ಕ್. ಅದಕ್ಕೆ ಬೇರೆ ಹೆಸರು ಕೊಡೋಕೆ ಮನಸ್ಸಿಲ್ಲ.

ನರಹುಲಿ, ಅಂಗಾಲಿನ ಗಂಟು ಇಂಥದ್ದನ್ನು ಸುಡೋ ಬದಲು ಹೆಪ್ಪುಗಟ್ಟಿಸಿ ಉದುರಿಸೋ ಕ್ರಯೋ ಗನ್ ಗೊತ್ತಲ್ಲ, ಅದರ ಸೆಟ್ಟು. ಕೈಯಲ್ಲಿ ಹಿಡಿಯೋ ಅರ್ಧ ಲೀಟರಿನ ಗನ್ನು, ನಾಲ್ಕು ನಾಜಲ್ಲು, ಜೊತೆಗೆ ಲಿಕ್ವಿಡ್ ನೈಟ್ರೋಜನ್ (ದ್ರವ ಆಗೋವಷ್ಟು ತಣ್ಣಗೆ ಮಾಡಿದ ನೈಟ್ರೋಜನ್) ತುಂಬಿಡೋಕೆ 10 ಲೀಟರಿನ ಅಲ್ಯೂಮಿನಿಯಂ ಕ್ಯಾನು. ಕಾನ್ಫರೆನ್ಸಿನ ಸ್ಟಾಲಿನಲ್ಲಿ ಸಿಕ್ಕ ಬೆಂಗಳೂರಿನ ಡೀಲರ್. ಹೆಸರು ಬರೆಯಲ್ಲ, ಬರೆದರೆ ಇನ್ನೊಂದು ತಲೆನೋವು. ಒಂದು ಗುಲಾಬಿ ಹೂವನ್ನು ನೈಟ್ರೋಜನ್‌ನಲ್ಲಿ ಅದ್ದಿ ತೆಗೆದು ಅಂಗೈಯಲ್ಲಿ ಹಪ್ಪಳದ ಥರ ಪುಡಿ ಮಾಡಿ ತೋರಿಸಿದ. ನಾವೆಲ್ಲ ಡಾಕ್ಟರುಗಳು ಜಾತ್ರೆಗೆ ಬಂದ ಮಕ್ಕಳ ಹಾಗೆ ನಿಂತು ನೋಡಿದೆವು, ನಾನಂತೂ ಫೋಟೋ ಬೇರೆ ತೆಗೆದೆ. ಈಗ ಅನ್ನಿಸುತ್ತೆ, ಬೆಳಿಗ್ಗೆ ತುಂಬಿಸಿ ಸಂಜೆಯವರೆಗೆ ಗುಲಾಬಿ ಪುಡಿ ಮಾಡೋಕೆ ಕೆಟ್ಟ ಕ್ಯಾನೂ ಸಾಕು. ಒಂದು ದಿನದ ಡೆಮೋದಲ್ಲಿ ಏನೂ ಗೊತ್ತಾಗಲ್ಲ. ಏನೂ ಅಂದ್ರೆ ಏನೂ.

ಕ್ಯಾನ್ ಬಂತು. ಹೊಸ ಬಣ್ಣ, ಹೊಸ ಸ್ಟಿಕ್ಕರ್, ಫಳಫಳ. ಸೋಮವಾರ ರಾತ್ರಿ ಗ್ಯಾಸ್ ಏಜೆನ್ಸಿ ಹುಡುಗ ಬಂದು 10 ಲೀಟರ್ ತುಂಬಿಸಿ ಹೋದ. ಗುರುವಾರ ಬೆಳಿಗ್ಗೆ ಮರದ ಸ್ಕೇಲ್ ಇಳಿಸಿ ತೆಗೆದೆ. ಸ್ಕೇಲಿಗೆ ಎಷ್ಟು ಎತ್ತರ ಬಿಳಿ ಮಂಜು ಕಟ್ಟುತ್ತೋ ಒಳಗೆ ಅಷ್ಟು ನೈಟ್ರೋಜನ್ ಇದೆ ಅಂತ ಲೆಕ್ಕ. ಎರಡು ಬೆರಳು ಕೂಡ ಇರಲಿಲ್ಲ. ಇಡೀ ವಾರದಲ್ಲಿ ನಾನು ಟ್ರೀಟ್‌ಮೆಂಟ್ ಕೊಟ್ಟದ್ದು ಮೂರೇ ಜನಕ್ಕೆ.

ನಾನು ಮೊದಲು ಮಾಡಿದ್ದೇನು ಗೊತ್ತಾ? ಆ ಗ್ಯಾಸ್ ಹುಡುಗನಿಗೆ ಫೋನ್ ಮಾಡಿ ಕೂಗಾಡಿದೆ. ಕಡಿಮೆ ತುಂಬಿಸಿ ಪೂರ್ತಿ ದುಡ್ಡು ತಗೊಂಡಿದ್ದೀಯ ಅಂದೆ. ಅವನು "ಇಲ್ರೀ ಮೇಡಂ, ನಿಮ್ಮ ಎದುರಿಗೇ ತುಂಬಿದ್ದೆ" ಅಂತ ಒಂದೇ ಮಾತು ಹೇಳಿ ಸುಮ್ಮನಾದ. ಅದು ನಿಜವೂ ಆಗಿತ್ತು, ನಾನೇ ಪಕ್ಕದಲ್ಲಿ ನಿಂತಿದ್ದೆ. ಆಮೇಲೆ ಅವನ ಹತ್ತಿರ ತಪ್ಪಾಯ್ತು ಅಂತ ಕೇಳಿದ್ದೇನೆ, ಆದರೂ ಆ ನಾಚಿಕೆ ಇನ್ನೂ ಹೋಗಿಲ್ಲ.

ಆಮೇಲೆ ಡೀಲರ್‌ಗೆ ಫೋನ್ ಮಾಡಿದೆ. ಅವನ ಉತ್ತರಗಳನ್ನು ಒಂದೊಂದಾಗಿ ಬರೀತೀನಿ, ಯಾಕಂದ್ರೆ ನಿಮಗೂ ಇವೇ ಉತ್ತರ ಬರುತ್ತೆ.

ಮೊದಲನೇ ಸಲ: "ಮೇಡಂ, ನೈಟ್ರೋಜನ್ ಅಂದ್ರೆ ಗಾಳಿ ತಾನೇ, ಗಾಳಿ ಹಾರಿಹೋಗೋದು ಅದರ ಗುಣ." ಇದರಲ್ಲಿ ಅರ್ಧ ನಿಜ ಇದೆ, ಅದಕ್ಕೇ ನಾನು ಬಿದ್ದದ್ದು. ಅದು ಮೈನಸ್ 196 ಡಿಗ್ರಿಯಲ್ಲೇ ಕುದಿಯುತ್ತೆ, ಎಂಥ ಒಳ್ಳೆ ಕ್ಯಾನಿನಲ್ಲಿಟ್ಟರೂ ದಿನಾ ಸ್ವಲ್ಪ ಆವಿ ಆಗೇ ಆಗುತ್ತೆ. ಆದರೆ ಎಷ್ಟು? ಒಳ್ಳೆ 10 ಲೀಟರ್ ಕ್ಯಾನಿನಲ್ಲಿ ದಿನಕ್ಕೆ ಕಾಲು ಲೀಟರ್ ಒಳಗೆ. ಒಂದು ತಿಂಗಳಾದರೂ ತಡೆಯಬೇಕು. ಇವನೇ ಕೊಟ್ಟ ಬ್ರೋಷರಿನಲ್ಲೂ ಅದನ್ನೇ ಅಚ್ಚು ಹಾಕಿಸಿದ್ದ! ನಾನು ಓದಿರಲಿಲ್ಲ.

ಎರಡನೇ ಸಲ: "ನಿಮ್ಮ ಕಡೆ ಬಿಸಿಲು ಜಾಸ್ತಿ ಅಲ್ವಾ ಮೇಡಂ, ಬೆಂಗಳೂರಲ್ಲಿ ಯಾರೂ ಕಂಪ್ಲೇಂಟ್ ಮಾಡಿಲ್ಲ." ಇದನ್ನೂ ನಂಬಿದೆ. ನಂಬಿ ಕ್ಯಾನನ್ನು ಎಸಿ ರೂಮಿಗೆ ಸಾಗಿಸಿದೆ, ಕರೆಂಟ್ ಬಿಲ್ ಬೇರೆ. ಕೂತು ಲೆಕ್ಕ ಹಾಕಿದ್ದರೆ ಸಾಕಿತ್ತು. ಹೊರಗೆ 28 ಡಿಗ್ರಿ ಇದ್ದರೆ ಒಳಗೂ ಹೊರಗೂ ಅಂತರ 224, ಹೊರಗೆ 38 ಇದ್ದರೆ 234. ಅಷ್ಟಕ್ಕೆ ಚೂರು ಜಾಸ್ತಿ ಆವಿ ಆಗಬಹುದು, ಹತ್ತು ಹದಿನೈದು ಪಟ್ಟು ಆಗಲ್ಲ. ಪಿಯುಸಿ ಹುಡುಗನೂ ಹೇಳ್ತಾನೆ ಇದನ್ನ.

ಮೂರನೇ ಸಲದ ಮಾತು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತೆ. "ಮುಚ್ಚಳ ಲೂಸ್ ಇದೆ ಮೇಡಂ, ಸುತ್ತ ಟೇಪ್ ಹಾಕಿ ಗಟ್ಟಿ ಮಾಡಿ, ಸರಿ ಹೋಗುತ್ತೆ." ನಮ್ಮ ಕಾಂಪೌಂಡರ್ ಟೇಪ್ ಹಿಡ್ಕೊಂಡು ಬಂದೇ ಬಿಟ್ಟಿದ್ದ. ಎರಡು ಸುತ್ತು ಹಾಕಿಯೂ ಆಗಿತ್ತು. ಆಗ ನನಗೆ ಎಚ್ಚರ ಆಯ್ತು. 1 ಲೀಟರ್ ಲಿಕ್ವಿಡ್ ನೈಟ್ರೋಜನ್ ಆವಿ ಆದರೆ ಸುಮಾರು 700 ಲೀಟರ್ ಗಾಳಿ. ಅದು ಹೊರಗೆ ಹೋಗಲಿ ಅಂತಲೇ ಆ ಮುಚ್ಚಳ ಸಡಿಲ ಇರೋದು. ಬಿಗಿ ಮಾಡಿದರೆ ಕ್ಯಾನ್ ಸಿಡಿಯುತ್ತೆ. ಕ್ಲಿನಿಕ್ಕಿನಲ್ಲಿ ಆ ಹೊತ್ತಿಗೆ ಒಂಬತ್ತು ಜನ ಪೇಷೆಂಟ್ ಕೂತಿದ್ದರು, ಇಬ್ಬರು ಕೂಸು ಎತ್ತಿಕೊಂಡು ಬಂದಿದ್ದರು. ಮಾರೋನಿಗೆ ತಾನು ಮಾರೋ ವಸ್ತುವಿನ ಬಗ್ಗೆ ಇಷ್ಟೂ ಗೊತ್ತಿಲ್ಲವಾ, ಇಲ್ಲಾ ಗೊತ್ತಿದ್ದೇ ಹೇಳಿದನಾ? ಎರಡರಲ್ಲಿ ಯಾವುದು ಕೆಟ್ಟದ್ದು ಅಂತ ನೀವೇ ಹೇಳಿ.

ಸರಿ, ಇಷ್ಟಾದರೂ ಕ್ಯಾನೇ ಕೆಟ್ಟಿದೆ ಅಂತ ನನಗೆ ಹೊಳೆಯಲಿಲ್ಲ. ಹೊಳೆಸಿದ್ದು ನಮ್ಮ ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಆಕಳು ಎಮ್ಮೆಗೆ ಕೃತಕ ಗರ್ಭಧಾರಣೆ ಮಾಡೋ ಒಬ್ಬರು. ಅವ್ವನ ಕಾಲಿನ ತುರಿಕೆ ತೋರಿಸೋಕೆ ಕರ್ಕೊಂಡು ಬಂದಿದ್ದರು. ಮೂಲೆಯಲ್ಲಿದ್ದ ಕ್ಯಾನ್ ನೋಡಿ ಎದ್ದು ಹೋಗಿ, ಎಮ್ಮೆ ಮೈ ಸವರಿದ ಹಾಗೆ ಮೇಲಿಂದ ಕೆಳಗೆ ಒಂದು ಸಲ ಕೈಯಾಡಿಸಿದರು. ಅಂಗೈ ಒದ್ದೆ. ಅದನ್ನ ನನ್ನ ಕಡೆ ಹಿಡಿದು ತೋರಿಸಿದರು.

"ಅಲ್ರೀ ಮೇಡಂ, ಕ್ಯಾನ್ ಬೆವರಾಕತ್ತೈತಲ್ರೀ. ಇದರ ವ್ಯಾಕ್ಯೂಮ್ ಹೋಗೇತ್ರೀ. ನಾವಾದ್ರ ಇದರಾಗ ಒಂದು ಕಡ್ಡಿನೂ ಇಡಂಗಿಲ್ಲ."

ಕಡ್ಡಿ ಅಂದ್ರೆ ಹೋರಿಯ ವೀರ್ಯದ ಕಡ್ಡಿ. ಅವರ ಕೆಲಸ ಪೂರ್ತಿ ಇದೇ ಲಿಕ್ವಿಡ್ ನೈಟ್ರೋಜನ್ ಮೇಲೆ ನಿಂತಿರೋದು. ಕ್ಯಾನ್ ಖಾಲಿ ಆದರೆ ಕಡ್ಡಿ ಎಲ್ಲ ಹಾಳು, ಅದಕ್ಕೆ ಅವರಿಗೆ ಮುಟ್ಟಿದರೇ ಗೊತ್ತಾಗುತ್ತೆ. ತುಂಬಿಸಿದ ತಕ್ಷಣ ಕತ್ತಿನ ಹತ್ತಿರ ಒಂಚೂರು ಮಂಜು ಕಟ್ಟೋದು ಮಾಮೂಲು. ಆದರೆ ಹೊಟ್ಟೆ ಭಾಗ ಬೆವರಬಾರದು, ತಣ್ಣಗೂ ಇರಬಾರದು. ಒಳಗೊಂದು ಪಾತ್ರೆ, ಹೊರಗೊಂದು ಪಾತ್ರೆ, ಮಧ್ಯ ಗಾಳಿ ತೆಗೆದ ಜಾಗ, ಅದೇ ವ್ಯಾಕ್ಯೂಮ್, ಹೊರಗಿನ ಬಿಸಿ ಒಳಗೆ ದಾಟದ ಹಾಗೆ ತಡೆಯೋದು ಅದೇ. ಒಳಗಿನ ಪಾತ್ರೆ ಕತ್ತಿನ ಕೊಳವೆ ಒಂದರಿಂದಲೇ ನೇತಾಡ್ತಿರುತ್ತೆ. ಕ್ಯಾನ್ ಜೋರಾಗಿ ಕುಕ್ಕಿದರೆ, ಅಡ್ಡ ಬೀಳಿಸಿದರೆ ಆ ಕತ್ತು ಬಿರುಕು ಬಿಡುತ್ತೆ, ಮಧ್ಯಕ್ಕೆ ಗಾಳಿ ನುಗ್ಗುತ್ತೆ, ಅಲ್ಲಿಗೆ ಮುಗೀತು. ಎಂಡಿ ಓದುವಾಗ ಕ್ರಯೋ ಚಿಕಿತ್ಸೆಯ ಇತಿಹಾಸ ಅಂತ, ಜೇಮ್ಸ್ ಆರ್ನಾಟ್ ಅನ್ನೋ ಡಾಕ್ಟರ್ 1850ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಐಸು ಉಪ್ಪು ಬೆರೆಸಿ ಗೆಡ್ಡೆ ಮರಗಟ್ಟಿಸಿದ್ದು, ನ್ಯೂಯಾರ್ಕಿನ ಇರ್ವಿಂಗ್ ಕೂಪರ್ 1961ರಲ್ಲಿ ಲಿಕ್ವಿಡ್ ನೈಟ್ರೋಜನ್ ಹರಿಯೋ ಸಲಾಕೆ ಮಾಡಿದ್ದು ಎಲ್ಲ ಬಾಯಿಪಾಠ ಮಾಡಿ ವೈವಾದಲ್ಲಿ ಹೇಳಿದ್ದೆ. ಕ್ಯಾನಿನ ಹೊಟ್ಟೆ ಮುಟ್ಟಿ ನೋಡು ಅಂತ ಯಾರೂ ಹೇಳಿಕೊಡಲಿಲ್ಲ.

ಅವರೇ ಹೇಳಿದರು, ತೂಕ ಹಾಕ್ರೀ ಅಂತ. ಎದುರಿನ ಕಿರಾಣಿ ಅಂಗಡಿಯಿಂದ ತಕ್ಕಡಿ ತರಿಸಿದೆ. ಮತ್ತೆ ತುಂಬಿಸಿ ರಾತ್ರಿ 9ಕ್ಕೆ ಇಟ್ಟಾಗ 13 ಕೆಜಿ 800 ಗ್ರಾಂ. ಮಾರನೇ ದಿನ ರಾತ್ರಿ 9ಕ್ಕೆ 11 ಕೆಜಿ 200. ಒಂದು ಹನಿ ಬಳಸಿಲ್ಲ. 1 ಲೀಟರ್ ಅಂದ್ರೆ ಸುಮಾರು 800 ಗ್ರಾಂ, ಅಂದರೆ ಒಂದೇ ದಿನಕ್ಕೆ ಮೂರು ಕಾಲು ಲೀಟರ್ ಗಾಳಿಗೆ ಹೋಗಿದೆ. ಸಿಟ್ಟಿಗೆ ಉಗುರಿನಲ್ಲೇ ಸ್ಟಿಕ್ಕರ್ ಕಿತ್ತೆ. ಕೆಳಗೆ ಹಳೇ ಬಣ್ಣ, ಯಾವುದೋ ಹಳೇ ನಂಬರ್ ಕೊರೆದದ್ದು, ತಳದ ಹತ್ತಿರ ಪುಟ್ಟಿ ತುಂಬಿ ಮುಚ್ಚಿದ ಒಂದು ತಗ್ಗು. ಯಾರೋ ಬಳಸಿ ಬಿಸಾಕಿದ ಕ್ಯಾನಿಗೆ ಬಣ್ಣ ಹೊಡೆದು ನನಗೆ ದಾಟಿಸಿದ್ದಾನೆ.

ದುಡ್ಡು ಹೋದದ್ದು ಬಿಡಿ. ಈ ಗಲಾಟೆ ಮಧ್ಯ ಒಂದು ದಿನ ತಳದಲ್ಲಿ ಉಳಿದದ್ದನ್ನೇ ಗನ್ನಿಗೆ ಸುರಿದುಕೊಂಡು ಒಬ್ಬ ಹುಡುಗಿಯ ಬೆರಳಿನ ಗೆಣ್ಣಿನ ಮೇಲಿದ್ದ ನರಹುಲಿಗೆ ಹೊಡೆದೆ. ಸರಿಯಾಗಿ ಬಂದರೆ ಒಂದೇ ಸಮ ಸುಯ್ ಅಂತ ಬರುತ್ತೆ, ಕೆಲವೇ ಸೆಕೆಂಡಿಗೆ ನರಹುಲಿ ಬಿಳಿ ಆಗಿ ಸುತ್ತ ಎರಡು ಮಿಲಿಮೀಟರ್ ಬಿಳಿ ಉಂಗುರ ಕಟ್ಟುತ್ತೆ. ಅವತ್ತು ಪುಸ್ ಪುಸ್ ಅಂತ ಉಗುಳಿತು, ಬರೀ ತಣ್ಣನೆ ಗಾಳಿ, ಮಧ್ಯ ಮಧ್ಯ ಹನಿ. ನಿಲ್ಲಿಸಬೇಕಿತ್ತು. ಅವರು ಹಳ್ಳಿಯಿಂದ ಎರಡು ಬಸ್ ಬದಲಿಸಿ ಬಂದಿದ್ದಾರೆ ಅಂತ ಮತ್ತೆ ಮತ್ತೆ ಹೊಡೆದೆ. ಚರ್ಮಕ್ಕೆ ಬಣ್ಣ ಕೊಡೋ ಜೀವಕೋಶಗಳು ಮೈನಸ್ 5ರ ಆಸುಪಾಸಿನಲ್ಲೇ ಸಾಯ್ತವೆ, ನರಹುಲಿ ಸಾಯೋಕೆ ಮೈನಸ್ 20, 25ಕ್ಕೆ ಇಳಿಯಬೇಕು. ಹಾಗಾಗಿ ಅರೆಬರೆ ತಣ್ಣಗೆ ಮಾಡಿದರೆ ಏನಾಗುತ್ತೆ ನೋಡಿ. ಮೂರು ವಾರಕ್ಕೆ ಬಂದಳು, ನರಹುಲಿ ಹಾಗೇ ಇದೆ, ಸುತ್ತ ಬಿಳಿ ಕಲೆ. ಸರಿಯಾಗಿ ಮಾಡಿದರೂ ನಮ್ಮ ಬಣ್ಣದ ಚರ್ಮಕ್ಕೆ ಕೆಲವು ಸಲ ಕಲೆ ಬರುತ್ತೆ, ಹೇಳಿಯೇ ಮಾಡ್ತೀವಿ. ಆದರೆ ನರಹುಲಿನೂ ಹೋಗದೆ ಕಲೆಯೂ ಬಂದರೆ ಏನಂತ ಹೇಳಲಿ? ಅವರ ತಾಯಿ, "ಮದುವಿ ಮಾತುಕತಿ ನಡದೈತ್ರೀ ಮೇಡಂ, ಮಂದಿ ತೊನ್ನು ಅಂತಾರ್ರೀ" ಅಂದರು. ಜೋರು ಮಾಡಲಿಲ್ಲ. ಮೆತ್ತಗೆ ಹೇಳಿದರು. ಬೈದಿದ್ದರೇ ಚೆನ್ನಾಗಿತ್ತು.

ತೂಕದ ಫೋಟೋ, ತಗ್ಗಿನ ಫೋಟೋ ಎಲ್ಲ ಡೀಲರ್‌ಗೆ ಕಳಿಸಿದೆ. ನೀಲಿ ಟಿಕ್ ಬಿತ್ತು. ನಾಲ್ಕು ದಿನ ಉತ್ತರ ಇಲ್ಲ. ಐದನೇ ದಿನ, "ವಾರಂಟಿ ಗನ್ನಿಗೆ ಮಾತ್ರ ಮೇಡಂ, ಕ್ಯಾನ್ ನಾವು ಫ್ರೀ ಕೊಟ್ಟಿದ್ದು." ಬಿಲ್ ತೆಗೆದು ನೋಡಿದೆ. "ಕ್ರಯೋ ಸೆಟ್, 1" ಅಂತ ಒಂದೇ ಸಾಲು. ಕ್ಯಾನಿನ ನಂಬರ್ ಇಲ್ಲ, ಕ್ಯಾನ್ ಅನ್ನೋ ಪದವೇ ಇಲ್ಲ. ಪರಿಚಯದ ವಕೀಲರಿಗೆ ತೋರಿಸಿದರೆ ಅವರು ಬಿಲ್ ನೋಡಿ ನನ್ನ ಮುಖ ನೋಡಿದರು, ಅಷ್ಟೇ. ನಾನು ಬಿಡದೆ ಫೋನ್ ಮಾಡ್ತಾ ಹೋದಾಗ ಕೊನೆಗೆ ಒಂದು ವಾಯ್ಸ್ ಮೆಸೇಜ್ ಬಂತು: "ಮೇಡಂ, ನೀವು ಡಾಕ್ಟ್ರು. ನೋಡೇ ತಗೊಂಡಿದ್ದೀರಿ. ನಿಮಗೇ ಗೊತ್ತಾಗಿಲ್ಲ ಅಂದ್ರೆ ನಮಗೆ ಹೇಗೆ ಗೊತ್ತಾಗುತ್ತೆ ಹೇಳಿ?" ಹಿಂದೆ ಯಾರೋ ನಗ್ತಿದ್ದರು. ಇನ್ನೂ ಅಳಿಸಿಲ್ಲ ಅದನ್ನ.

ಹೊಸದಾಗಿ ಕ್ರಯೋ ಶುರು ಮಾಡೋರಿಗೆ, ಅದರಲ್ಲೂ ಸಣ್ಣ ಊರಲ್ಲಿ ಕ್ಲಿನಿಕ್ ಇಟ್ಟವರಿಗೆ ಹೇಳೋದು ಇಷ್ಟೇ. ಗನ್ನಿನ ಬಗ್ಗೆ ನೂರು ಪ್ರಶ್ನೆ ಕೇಳ್ತೀವಿ, ಕ್ಯಾನಿನ ಬಗ್ಗೆ ಒಂದೂ ಕೇಳಲ್ಲ. ಕ್ಯಾನ್ ತುಂಬಿಸಿ, ತೂಗಿ, 24 ಗಂಟೆ ಬಿಟ್ಟು ಮತ್ತೆ ತೂಗಿ, ಆಮೇಲೆ ಪೂರ್ತಿ ದುಡ್ಡು ಕೊಡಿ. ಒಪ್ಪಲ್ಲ ಅಂದರೆ ಎದ್ದು ಬನ್ನಿ. ಬಿಲ್ಲಿನಲ್ಲಿ ಕ್ಯಾನಿನ ನಂಬರ್ ಬರೆಸಿ. ಮುಚ್ಚಳ ಬಿಗಿ ಮಾಡಿ ಅಂದವನ ನಂಬರ್ ಬ್ಲಾಕ್ ಮಾಡಿ. ಅನುಮಾನ ಬಂದರೆ ಹತ್ತಿರದ ಪಶು ಆಸ್ಪತ್ರೆಗೆ ಹೋಗಿ ಕೇಳಿ, ಅವರು ನಮಗಿಂತ ಚೆನ್ನಾಗಿ ಬಲ್ಲವರು. ನಾಚಿಕೆ ಬೇಡ, ನಾನು ಪಟ್ಟದ್ದು ಸಾಕು.

ಈಗ ಬೇರೆ ಕಡೆಯಿಂದ ಹೊಸ ಕ್ಯಾನ್ ತಗೊಂಡಿದ್ದೇನೆ. ಪಶು ಆಸ್ಪತ್ರೆಯವರನ್ನೇ ಜೊತೆಗೆ ಕರ್ಕೊಂಡು ಹೋಗಿ, ಅವರು ಕೈಯಾಡಿಸಿ ಹೂಂ ಅಂದ ಮೇಲೆ. ಮೊನ್ನೆ ರಾತ್ರಿ ತುಂಬಿಸಿದಾಗ 13 ಕೆಜಿ 900 ಇತ್ತು. ನಿನ್ನೆ ರಾತ್ರಿ 13 ಕೆಜಿ 750. ಆ ಹುಡುಗಿ ಸೋಮವಾರ ಬರ್ತಾಳೆ, ದುಡ್ಡು ತಗೊಳ್ಳಲ್ಲ ಅಂತ ಹೇಳಿದ್ದೇನೆ. ಕಿರಾಣಿ ಅಂಗಡಿಯವರು ತಕ್ಕಡಿ ವಾಪಸ್ ಯಾವಾಗ ಕೊಡ್ತೀರಿ ಅಂತ ಕೇಳ್ತಿದ್ದಾರೆ.